ಅಂಗಾಲು ಮತ್ತು ಹಿಮ್ಮಡಿ ನೋವು: ಕಾರಣ ತಿಳಿದು ನಿಭಾಯಿಸುವ ಬಗೆ

ಪಾದ ನೋಯುತ್ತಿದೆ ಎನ್ನುವವರಲ್ಲಿ ಬಹುಪಾಲು ಮಂದಿ ಎಲ್ಲಿಯೂ ಬಿದ್ದಿರುವುದಿಲ್ಲ, ಅವರ ಮೂಳೆಯೂ ಮುರಿದಿರುವುದಿಲ್ಲ. ರೂಢಿಯಿಲ್ಲದಷ್ಟು ಹೊರೆ ಕೆಲವೇ ದಿನಗಳಲ್ಲಿ ಅವರ ಪಾದದ ಮೇಲೆ ಬಿದ್ದಿರುತ್ತದೆ. ವರ್ಷವಿಡೀ ಸ್ಕೂಟರಿನಲ್ಲಿ ಓಡಾಡಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿ ಇಳಿದವರು, ಮಂಡ್ಯದ ಕಡೆ ನಾಲೆಗೆ ನೀರು ಬಿಟ್ಟೊಡನೆ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಕೆಸರುಗದ್ದೆಯಲ್ಲಿ ನಾಟಿ ಹಾಕಿದವರು, ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತೇ ಇರುವವರು, ದಸರಾ ಬಂದೋಬಸ್ತಿನಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗಿನ ರಸ್ತೆಯ ಬದಿಯಲ್ಲಿ ಕಾವಲು ನಿಲ್ಲುವ ಪೊಲೀಸರು, ಇವರ ಕೆಲಸಗಳು ಬೇರೆಬೇರೆಯಾದರೂ ನೋವಿನ ಹಿಂದಿನ ಕಾರಣ ಹೆಚ್ಚುಕಡಿಮೆ ಒಂದೇ. ಪಾದದ ಸ್ನಾಯು, ರಜ್ಜು, ಮೂಳೆಗಳಿಗೆ ತಾಳಿಕೆಯ ಒಂದು ಮಿತಿ ಇರುತ್ತದೆ. ಆ ಮಿತಿಯನ್ನು ತಿಂಗಳುಗಳ ಅಭ್ಯಾಸದಿಂದ ಮೇಲಕ್ಕೆ ಏರಿಸಬಹುದು, ಆದರೆ ಒಂದೇ ವಾರದಲ್ಲಿ ಅದನ್ನು ದಾಟಿದರೆ ನೋವು ಬರುತ್ತದೆ.

ಇದನ್ನು ಒಪ್ಪಿಕೊಂಡರೆ ಮಾಡಬೇಕಾದ ಕೆಲಸವೂ ಸ್ಪಷ್ಟವಾಗುತ್ತದೆ. ನೋವು ಪಾದದ ಯಾವ ಭಾಗದ್ದೆಂದು ಗುರುತಿಸಬೇಕು, ಹೊರೆ ಎಲ್ಲಿಂದ ಬಂತೆಂದು ಹುಡುಕಬೇಕು, ಅದನ್ನು ಸ್ವಲ್ಪ ಕಾಲ ತಗ್ಗಿಸಬೇಕು, ಆಮೇಲೆ ಪಾದವನ್ನು ಬಲಪಡಿಸಬೇಕು. ನಮ್ಮಲ್ಲಿ ಹೆಚ್ಚಿನವರು ಮೂರನೆಯ ಹಂತಕ್ಕೇ ನಿಲ್ಲುತ್ತಾರೆ. ಎರಡು ವಾರ ಕಾಲು ಚಾಚಿ ಮಲಗಿದರೆ ನೋವು ಇಳಿಯುತ್ತದೆ ನಿಜ, ಆದರೆ ಆ ಎರಡು ವಾರದಲ್ಲಿ ಪಾದದ ತಾಳಿಕೆಯೂ ಇಳಿದಿರುತ್ತದೆ. ಹಾಗಾಗಿ ಹಳೆಯ ಕೆಲಸಕ್ಕೆ ಮರಳಿದ ಕೂಡಲೇ ನೋವು ಮತ್ತೆ ಹಾಜರಾಗುತ್ತದೆ.

ಪಾದದೊಳಗೆ ನಡೆಯುವುದು

ಒಂದು ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ಈ ಮೂಳೆಗಳು ಸೇರಿ ಅಂಗಾಲಿನಡಿ ಒಂದು ಕಮಾನನ್ನು ರೂಪಿಸುತ್ತವೆ. ಹಿಮ್ಮಡಿಯ ಮೂಳೆಯ ತಳದಿಂದ ಹೊರಟು ಬೆರಳುಗಳ ಬುಡದವರೆಗೆ ಚಾಚಿಕೊಂಡಿರುವ ಗಟ್ಟಿಯಾದ ಪಟ್ಟಿಯೊಂದು, ಬಿಲ್ಲಿಗೆ ಹೆದೆ ಇದ್ದಂತೆ, ಈ ಕಮಾನನ್ನು ಬಿಗಿದು ಹಿಡಿದಿರುತ್ತದೆ. ವೈದ್ಯರು ಇದನ್ನು ಪ್ಲಾಂಟರ್ ಫೇಷಿಯಾ ಎನ್ನುತ್ತಾರೆ. ನಡೆಯುವಾಗ ಹಿಮ್ಮಡಿ ಮೇಲೆದ್ದು ಬೆರಳುಗಳು ಹಿಂದಕ್ಕೆ ಬಾಗಿದ ಪ್ರತಿ ಸಲವೂ ಪಟ್ಟಿ ಎಳೆಯಲ್ಪಡುತ್ತದೆ, ಕಮಾನು ಮೇಲೇರುತ್ತದೆ, ಪಾದ ಗಟ್ಟಿಯಾಗಿ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ದಿನಕ್ಕೆ ಸಾವಿರಾರು ಬಾರಿ ನಡೆಯುವ ಈ ಎಳೆತ ತಾಳಿಕೆಯನ್ನು ಮೀರಿದಾಗ ಪಟ್ಟಿ ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದಲ್ಲಿ ಸವೆತ ಶುರುವಾಗುತ್ತದೆ. ಪ್ಲಾಂಟರ್ ಫೇಷಿಯೈಟಿಸ್ ಎಂದು ಕರೆಯುವ ಹಿಮ್ಮಡಿ ನೋವು ಇದೇ.

ಮೀನಖಂಡದ ಪಾತ್ರವನ್ನು ಬಹಳ ಮಂದಿ ಮರೆಯುತ್ತಾರೆ. ಮೀನಖಂಡದ ಸ್ನಾಯುಗಳು ಅಕಿಲಿಸ್ ಎಂಬ ದಪ್ಪ ರಜ್ಜುವಿನ ಮೂಲಕ ಅದೇ ಹಿಮ್ಮಡಿ ಮೂಳೆಯ ಹಿಂಬದಿಗೆ ಬಂದು ಸೇರುತ್ತವೆ. ಮೀನಖಂಡ ಬಿಗಿಯಾಗಿದ್ದರೆ ಪಾದ ಹರಡಿನಲ್ಲಿ, ಅಂದರೆ ಕಾಲೂ ಪಾದವೂ ಸೇರುವ ಕೀಲಿನಲ್ಲಿ, ಸಲೀಸಾಗಿ ಬಾಗುವುದಿಲ್ಲ, ಆ ಕೊರತೆಯನ್ನು ಅಂಗಾಲಿನ ಪಟ್ಟಿಯೇ ತುಂಬಿಕೊಡಬೇಕಾಗುತ್ತದೆ. ನಿದ್ದೆಯಲ್ಲಿ ಪಾದ ಕೆಳಮುಖವಾಗಿ ಸಡಿಲವಾಗಿರುವುದರಿಂದ ಮೀನಖಂಡವೂ ಪಟ್ಟಿಯೂ ಕುಗ್ಗಿದ ಸ್ಥಿತಿಯಲ್ಲೇ ರಾತ್ರಿ ಕಳೆಯುತ್ತವೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದಷ್ಟು ನೋವಾಗಿ, ಹತ್ತಿಪ್ಪತ್ತು ಹೆಜ್ಜೆಯ ಮೇಲೆ ಅದು ತಗ್ಗುವುದು ಇದರಿಂದಲೇ. ಬಹಳ ಹೊತ್ತು ಕುಳಿತು ಎದ್ದಾಗಲೂ ಹೀಗೇ ಆಗುತ್ತದೆ.

ಎಕ್ಸ್‌ರೇಯಲ್ಲಿ ಹಿಮ್ಮಡಿಯ ತಳದಲ್ಲಿ ಚೂಪಾದ ಮೂಳೆ ಕಂಡರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಆ ಮೂಳೆ ಯಾವ ನೋವೂ ಇಲ್ಲದ ಅನೇಕರ ಪಾದದಲ್ಲಿಯೂ ಇರುತ್ತದೆ, ಅದು ಹಾಗೆಯೇ ಇದ್ದು ನೋವು ಮಾತ್ರ ವಾಸಿಯಾಗುವುದೂ ಸಾಮಾನ್ಯ. ‘ಮೂಳೆ ಬೆಳೆದಿದೆ, ಕತ್ತರಿಸಬೇಕು’ ಎಂಬ ತೀರ್ಮಾನಕ್ಕೆ ಅವಸರ ಪಡಬೇಕಾಗಿಲ್ಲ.

ನೋವಿನ ಜಾಗವೇ ಮೊದಲ ಸುಳಿವು

ಒಂದು ಬೆರಳಿನಿಂದ ಒತ್ತಿ, ಅತಿ ಹೆಚ್ಚು ನೋಯುವ ಜಾಗ ಯಾವುದೆಂದು ನೋಡಿಕೊಳ್ಳಿ. ಹಿಮ್ಮಡಿಯ ತಳದಲ್ಲಿ, ಸ್ವಲ್ಪ ಒಳಭಾಗಕ್ಕೆ ನೋವಿದ್ದು ಬೆಳಗಿನ ಮೊದಲ ಹೆಜ್ಜೆಗೆ ಹೆಚ್ಚಾಗುವುದಾದರೆ ಅದು ಮೇಲೆ ಹೇಳಿದ ಪಟ್ಟಿಯ ನೋವಾಗಿರುವ ಸಾಧ್ಯತೆ ಹೆಚ್ಚು. ಹಿಮ್ಮಡಿಯ ಹಿಂಭಾಗದಲ್ಲಿ ಅಥವಾ ಅದಕ್ಕಿಂತ ಎರಡು ಮೂರು ಬೆರಳು ಮೇಲೆ, ರಜ್ಜುವಿನ ಮೇಲೆಯೇ ನೋಯುತ್ತಿದ್ದರೆ ಅದು ಅಕಿಲಿಸ್ ರಜ್ಜುವಿನ ತೊಂದರೆ. ಮೆಟ್ಟಿಲು ಮತ್ತು ಏರು ಹತ್ತುವವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬೆರಳುಗಳ ಬುಡದ ಮೆತ್ತೆಯಲ್ಲಿ ಉರಿ, ನೋವು ಇದ್ದರೆ ತೆಳು ಅಟ್ಟೆಯ ಚಪ್ಪಲಿಯನ್ನೋ ಎತ್ತರದ ಹಿಮ್ಮಡಿಯ ಪಾದರಕ್ಷೆಯನ್ನೋ ಮೊದಲು ಅನುಮಾನಿಸಬೇಕು. ಹರಡಿನ ಒಳಬದಿಯಲ್ಲಿ ನೋವಿದ್ದು, ಒಂದು ಪಾದದ ಕಮಾನು ಇತ್ತೀಚೆಗೆ ಕುಸಿದು ಚಪ್ಪಟೆಯಾಗುತ್ತಿದೆ ಎನಿಸಿದರೆ ಕಾಯುತ್ತ ಕೂರದೆ ವೈದ್ಯರಿಗೆ ತೋರಿಸುವುದು ಒಳ್ಳೆಯದು, ಏಕೆಂದರೆ ಕಮಾನನ್ನು ಎತ್ತಿ ಹಿಡಿಯುವ ರಜ್ಜು ಸೋಲುತ್ತಿರುವ ಲಕ್ಷಣ ಅದು.

ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ ಒತ್ತಿದರೆ ಜೀವ ಹೋಗುವಂತೆ ನೋವಾಗಿ, ನಡೆದಷ್ಟೂ ಹೆಚ್ಚುತ್ತ ಹೋದರೆ ಅದು ಮೂಳೆಯ ಸೂಕ್ಷ್ಮ ಬಿರುಕಾಗಿರಬಹುದು. ಪೊಲೀಸ್ ಅಥವಾ ಸೇನಾ ಭರ್ತಿಗೆಂದು ಒಮ್ಮೆಲೇ ಓಟ ಹೆಚ್ಚಿಸುವ ಯುವಕರಲ್ಲಿ ಇದನ್ನು ಮರೆಯಬಾರದು. ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಇದು ಕಾಣದೆಯೂ ಇರಬಹುದು. ವ್ಯಾಯಾಮ ಮಾಡಿ ವಾಸಿ ಮಾಡಿಕೊಳ್ಳುವ ನೋವು ಇದಲ್ಲ.

ಹೊರೆಗೆ ಸಂಬಂಧವೇ ಇಲ್ಲದ ನೋವುಗಳೂ ಇವೆ. ರಾತ್ರೋರಾತ್ರಿ ಹೆಬ್ಬೆರಳಿನ ಬುಡ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಯೂರಿಕ್ ಆಮ್ಲ ಕೀಲಿನಲ್ಲಿ ಶೇಖರವಾಗಿ ಬರುವ ಗೌಟ್ ಇರಬಹುದು. ಎರಡೂ ಅಂಗಾಲಿನಲ್ಲಿ ಉರಿ, ಜುಮುಜುಮು, ಹತ್ತಿಯ ಮೇಲೆ ನಡೆದಂತಹ ಅನುಭವ ಇದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಲೇಬೇಕು. ನಲವತ್ತರೊಳಗಿನವರಿಗೆ ಎರಡೂ ಹಿಮ್ಮಡಿ ನೋಯುವುದರ ಜೊತೆಗೆ ಬೆಳಿಗ್ಗೆ ಸೊಂಟ ಬಹಳ ಹೊತ್ತು ಬಿಗಿದುಕೊಂಡಿದ್ದರೆ ಸಂಧಿವಾತದ ಒಂದು ಬಗೆಯನ್ನು ಶಂಕಿಸಬೇಕಾಗುತ್ತದೆ. ಚಿಕುನ್‌ಗುನ್ಯಾ ಬಂದು ಹೋದವರಿಗೆ ಹರಡು, ಪಾದದ ಕೀಲುಗಳು ತಿಂಗಳುಗಟ್ಟಲೆ ನೋಯುವುದು ಈ ಭಾಗದ ಜನರಿಗೆ ಗೊತ್ತಿರುವ ಸಂಗತಿಯೇ.

ಹೊರೆ ಎಲ್ಲಿಂದ ಬಂತು

ನೋವು ಶುರುವಾಗುವುದಕ್ಕೆ ಹಿಂದಿನ ನಾಲ್ಕಾರು ವಾರಗಳಲ್ಲಿ ಏನು ಬದಲಾಯಿತು ಎಂದು ಕೇಳಿಕೊಳ್ಳಿ. ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಹೊಸದಾಗಿ ವಾಕಿಂಗ್ ಆರಂಭಿಸಿ ಮೊದಲ ದಿನವೇ ಪೂರ್ತಿ ಸುತ್ತು ಹಾಕಿದ್ದು, ಕುಳಿತು ಮಾಡುವ ಕೆಲಸ ಬಿಟ್ಟು ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಕೆಲಸಕ್ಕೆ ಸೇರಿದ್ದು, ತೂಕ ಏರಿದ್ದು, ಬಸಿರು, ಸವೆದ ಚಪ್ಪಲಿ, ಹೀಗೆ ಏನಾದರೊಂದು ಸಿಗುತ್ತದೆ. ಏನೂ ಸಿಗದಿದ್ದರೆ ಮನೆಯ ನೆಲವನ್ನು ನೋಡಿ. ಮಣ್ಣು ನೆಲದ ಮನೆ ಬಿಟ್ಟು ಟೈಲ್ಸ್ ಅಥವಾ ಗ್ರಾನೈಟ್ ಹಾಕಿಸಿದ ಹೊಸ ಮನೆಗೆ ಬಂದ ಗೃಹಿಣಿ, ಬೆಳಗಿನ ತಿಂಡಿಯಿಂದ ರಾತ್ರಿ ಪಾತ್ರೆ ತೊಳೆಯುವವರೆಗೆ ಗಂಟೆಗಟ್ಟಲೆ ಬರಿಗಾಲಲ್ಲಿ ಕಲ್ಲಿನ ಮೇಲೆಯೇ ನಿಂತಿರುತ್ತಾಳೆ. ‘ನಾನು ಮನೆ ಬಿಟ್ಟು ಎಲ್ಲೂ ಹೋಗಿಲ್ಲ, ಕಾಲು ಯಾಕೆ ನೋಯುತ್ತದೆ’ ಎಂದು ಕೇಳುತ್ತಾಳೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಊರುಗಳ ಹೆಂಗಸರ ಹಿಮ್ಮಡಿ ನೋವಿನ ವಿಚಾರ ಮಾತಾಡುವಾಗ ಅಡುಗೆಮನೆಯ ನೆಲಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಮೊದಲ ಎರಡು ವಾರ

ಹೊರೆಯನ್ನು ತಗ್ಗಿಸಬೇಕೇ ಹೊರತು ಸೊನ್ನೆಗೆ ಇಳಿಸಬಾರದು. ಒಂದು ಗಂಟೆ ನಡೆಯುತ್ತಿದ್ದವರು ಕಾಲು ಗಂಟೆಯಂತೆ ಎರಡು ಸಲ ನಡೆಯಲಿ. ಓಟ, ಜಿಗಿತ, ಮೆಟ್ಟಿಲು ಹತ್ತುವುದನ್ನು ಬಿಡಲಿ. ಬೆವರು ಬರುವ ವ್ಯಾಯಾಮ ಬೇಕೆಂದರೆ ಸೈಕಲ್ ತುಳಿಯಲಿ. ಎಷ್ಟು ತಗ್ಗಿಸಬೇಕೆಂಬುದಕ್ಕೆ ಸರಳವಾದ ಅಳತೆಯಿದೆ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದರೆ ಕೆಲಸ ಮಾಡುವಾಗ ಅದು ಮೂರು ನಾಲ್ಕನ್ನು ದಾಟಬಾರದು, ಮರುದಿನ ಬೆಳಗಿನ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ನಿನ್ನೆ ಮಾಡಿದ್ದು ಅತಿಯಾಯಿತೆಂದು ತಿಳಿದು ಇಂದು ಕಡಿಮೆ ಮಾಡಬೇಕು.

ಬೆಳಿಗ್ಗೆ ಕಾಲು ನೆಲಕ್ಕಿಡುವ ಮುನ್ನ ಹಾಸಿಗೆಯಲ್ಲೇ ಮಾಡಬೇಕಾದ ಒಂದು ಹಿಗ್ಗಿಸುವಿಕೆ ಇದೆ, ಇದನ್ನು ತಪ್ಪಿಸಬಾರದು. ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡ ಹಾಕಿ, ಬೆರಳುಗಳ ಬುಡವನ್ನು ಕೈಯಲ್ಲಿ ಹಿಡಿದು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲನ್ನು ಮುಟ್ಟಿದರೆ ಪಟ್ಟಿ ತಂತಿಯಂತೆ ಬಿಗಿಯಾಗಿರುವುದು ತಿಳಿಯಬೇಕು; ತಿಳಿಯದಿದ್ದರೆ ಎಳೆತ ಸಾಲದು. ಹತ್ತು ಎಣಿಸುವವರೆಗೆ ಹಿಡಿದು ಬಿಡಿ, ಹೀಗೆ ಹತ್ತು ಸಲ ಮಾಡಿ. ಹಗಲಲ್ಲಿ ಬಹಳ ಹೊತ್ತು ಕುಳಿತು ಏಳುವ ಮುನ್ನವೂ ಸೇರಿದಂತೆ ದಿನಕ್ಕೆ ಮೂರು ಬಾರಿ ಇದನ್ನು ಮಾಡಬೇಕು.

ಸಂಜೆ ನೋವು ಹೆಚ್ಚಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬಹುದು. ನೀರು ತುಂಬಿ ಫ್ರೀಜರಿನಲ್ಲಿಟ್ಟ ಚಿಕ್ಕ ಪ್ಲಾಸ್ಟಿಕ್ ಬಾಟಲಿಯನ್ನು ಬಟ್ಟೆ ಸುತ್ತಿ ಅಂಗಾಲಿನಡಿ ಉರುಳಿಸುವುದು ಇನ್ನೂ ಸುಲಭ. ಬಿಸಿ ಮಾಡಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತುವ ಪದ್ಧತಿ ಹಳ್ಳಿಗಳಲ್ಲಿ ಇಂದಿಗೂ ಇದೆ. ಬಿಸಿಯಿಂದ ಸ್ವಲ್ಪ ಹೊತ್ತು ಹಿತವಾಗುವುದನ್ನು ಅಲ್ಲಗಳೆಯಬೇಕಾಗಿಲ್ಲ, ಆದರೆ ಪಟ್ಟಿಯ ತಾಳಿಕೆಯನ್ನು ಅದು ಹೆಚ್ಚಿಸುವುದಿಲ್ಲ, ಎಕ್ಕದ ಹಾಲು ಚರ್ಮಕ್ಕೂ ಕಣ್ಣಿಗೂ ಕೇಡು, ಪಾದದ ಸ್ಪರ್ಶಜ್ಞಾನ ಕುಂದಿದ ಸಕ್ಕರೆ ಕಾಯಿಲೆಯವರಿಗಂತೂ ಬಿಸಿ ಇಟ್ಟಿಗೆ ಸುಟ್ಟ ಗಾಯವನ್ನೇ ತರಬಹುದು. ನೋವಿನ ಮಾತ್ರೆಗಳ ವಿಷಯದಲ್ಲಿಯೂ ಎಚ್ಚರ ಬೇಕು: ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು, ರಕ್ತದೊತ್ತಡ ಇರುವವರು ಡೈಕ್ಲೋಫೆನಾಕ್‌ನಂತಹ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಾವಾಗಿಯೇ ತಂದು ದಿನಗಟ್ಟಲೆ ನುಂಗುವುದು ಅಪಾಯ.

ಪಾದವನ್ನು ಬಲಪಡಿಸುವುದು

ನೋವು ಅರ್ಧಕ್ಕಿಳಿಯುವವರೆಗೆ ಕಾಯದೆ, ತೀವ್ರತೆ ಸ್ವಲ್ಪ ತಗ್ಗಿದೊಡನೆ ಈ ಹಂತ ಆರಂಭಿಸಬೇಕು. ಮೊದಲು ಮೀನಖಂಡದ ಹಿಗ್ಗಿಸುವಿಕೆ. ಗೋಡೆಗೆ ಎರಡೂ ಅಂಗೈ ಊರಿ, ನೋಯುವ ಕಾಲನ್ನು ಒಂದು ಹೆಜ್ಜೆ ಹಿಂದಿಟ್ಟು, ಆ ಮೊಣಕಾಲನ್ನು ನೆಟ್ಟಗಿರಿಸಿ, ಹಿಮ್ಮಡಿ ನೆಲ ಬಿಡದಂತೆ ದೇಹವನ್ನು ಮುಂದಕ್ಕೆ ಬಾಗಿಸಿ ಅರ್ಧ ನಿಮಿಷ ನಿಲ್ಲಿ. ಬಳಿಕ ಅದೇ ಮೊಣಕಾಲನ್ನು ಸ್ವಲ್ಪ ಮಡಿಸಿ ಇನ್ನೊಂದು ಅರ್ಧ ನಿಮಿಷ ನಿಲ್ಲಿ. ಮೀನಖಂಡದಲ್ಲಿ ಮೇಲೊಂದು ಒಳಗೊಂದು ಎಂದು ಎರಡು ಮುಖ್ಯ ಸ್ನಾಯುಗಳಿದ್ದು, ಮೊಣಕಾಲು ಮಡಿಸದಿದ್ದರೆ ಒಳಗಿನದಕ್ಕೆ ಎಳೆತ ಸರಿಯಾಗಿ ತಾಗುವುದಿಲ್ಲ. ಪಾದದ ತುದಿ ಹೊರಕ್ಕೆ ತಿರುಗದೆ ಗೋಡೆಗೆ ನೇರವಾಗಿರಲಿ, ಸಾಮಾನ್ಯವಾಗಿ ತಪ್ಪುವುದು ಅಲ್ಲಿಯೇ.

ಬಲ ತರುವ ಮುಖ್ಯ ವ್ಯಾಯಾಮ ಹಿಮ್ಮಡಿ ಎತ್ತುವುದು. ಮನೆಯ ಮೆಟ್ಟಿಲಿನ ಅಂಚಿನಲ್ಲಿ ಟವೆಲನ್ನು ಸುರುಳಿ ಸುತ್ತಿ ಇಟ್ಟು, ಬೆರಳುಗಳು ಅದರ ಮೇಲೆ ಹಿಂದಕ್ಕೆ ಬಾಗಿರುವಂತೆ ನಿಲ್ಲಬೇಕು. ಬೆರಳು ಬಾಗಿದಾಗ ಪಟ್ಟಿ ಬಿಗಿಯಾಗಿ ಹೊರೆ ನೇರವಾಗಿ ಅದಕ್ಕೆ ತಲುಪುತ್ತದೆ. ಕಂಬಿಯನ್ನು ಹಿಡಿದುಕೊಂಡು ಮೂರು ಎಣಿಸುವಷ್ಟು ಹೊತ್ತಿನಲ್ಲಿ ಹಿಮ್ಮಡಿಯನ್ನು ಮೇಲೆತ್ತಿ, ಎರಡು ಎಣಿಸುವಷ್ಟು ಮೇಲೆ ನಿಂತು, ಮೂರು ಎಣಿಸುವಷ್ಟು ಹೊತ್ತಿನಲ್ಲಿ ನಿಧಾನವಾಗಿ ಇಳಿಸಬೇಕು. ಆರಂಭದಲ್ಲಿ ಎರಡೂ ಕಾಲಿನಿಂದ ಹನ್ನೆರಡು ಸಲದಂತೆ ಮೂರು ಸುತ್ತು ಸಾಕು. ಅದು ಸುಲಭವಾದ ಮೇಲೆ ಒಂದೇ ಕಾಲಿನಲ್ಲಿ, ಅದೂ ಸುಲಭವಾದ ಮೇಲೆ ಬೆನ್ನಿಗೆ ಪುಸ್ತಕವೋ ಅಕ್ಕಿಯೋ ತುಂಬಿದ ಚೀಲ ಹಾಕಿಕೊಂಡು ಮಾಡಬಹುದು. ಇದನ್ನು ದಿನ ಬಿಟ್ಟು ದಿನ ಮಾಡಬೇಕು, ಏಕೆಂದರೆ ರಜ್ಜು ಮತ್ತು ಪಟ್ಟಿಗಳು ಹೊರೆಗೆ ಹೊಂದಿಕೊಳ್ಳಲು ನಡುವೆ ಬಿಡುವು ಬೇಕು. ಮಾಡುವಾಗ ಸ್ವಲ್ಪ ನೋವಾಗುವುದು ಸಹಜ, ಮೇಲೆ ಹೇಳಿದ ಅಳತೆಯೇ ಇಲ್ಲಿಗೂ ಅನ್ವಯಿಸುತ್ತದೆ.

ಒಂದು ವಾರದಲ್ಲಿ ಫಲ ಕಾಣಲಿಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ಈ ವ್ಯಾಯಾಮದ ಲೆಕ್ಕ ತಿಂಗಳುಗಳಲ್ಲಿ ನಡೆಯುತ್ತದೆ. ಮೂರು ತಿಂಗಳು ಬಿಡದೆ ಮಾಡಿದ ಮೇಲಷ್ಟೇ ಆಯಿತೋ ಇಲ್ಲವೋ ಎಂದು ತೀರ್ಮಾನಿಸಬೇಕು. ಶಸ್ತ್ರಚಿಕಿತ್ಸೆಯಿಲ್ಲದೆಯೇ ಬಹುಪಾಲು ಮಂದಿಯ ಹಿಮ್ಮಡಿ ನೋವು ಒಂದು ವರ್ಷದೊಳಗೆ ತಹಬಂದಿಗೆ ಬರುತ್ತದೆ.

ಕಾಲಿಗೆ ಹಾಕುವುದು, ಕಾಲ ಮೇಲೆ ನಿಲ್ಲುವುದು

ಹವಾಯಿ ಚಪ್ಪಲಿ ಅಗ್ಗ ನಿಜ, ಆದರೆ ಹಿಮ್ಮಡಿಯ ಭಾಗ ಸವೆದು ಕಾಗದದಷ್ಟಾದ ಮೇಲೂ ಅದನ್ನು ತುಳಿಯುವುದು ನೋವಿಗೆ ಆಹ್ವಾನ ಕೊಟ್ಟಂತೆ. ಚಪ್ಪಲಿ ಜಾರದಂತೆ ಹಿಡಿಯಲು ಬೆರಳುಗಳೂ ಸದಾ ಬಿಗಿದುಕೊಂಡೇ ಇರಬೇಕಾಗುತ್ತದೆ. ಹೊರಗೆ ನಡೆಯುವುದಕ್ಕೆ ಹಿಂದೆ ಬೆಲ್ಟ್ ಇರುವ ಸ್ಯಾಂಡಲ್ ಅಥವಾ ಶೂ ಒಳ್ಳೆಯದು. ಅಂಗಡಿಯಲ್ಲಿ ಅದನ್ನು ಎರಡೂ ತುದಿ ಹಿಡಿದು ಬಾಗಿಸಿ ನೋಡಿ: ಬೆರಳು ಮಡಚುವ ಜಾಗದಲ್ಲಿ ಬಾಗಬೇಕು, ನಡುವೆ ಮಡಚಿಕೊಳ್ಳಬಾರದು. ಹಿಮ್ಮಡಿಯನ್ನು ಸುತ್ತುವರಿದ ಭಾಗ ಒತ್ತಿದರೆ ಕುಸಿಯಬಾರದು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುವುದರಿಂದ ಖರೀದಿಗೆ ಸಂಜೆಯೇ ಸರಿ, ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಉಳಿದಿರಲಿ. ಮನೆಯೊಳಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ಅಡುಗೆಮನೆಗೆ ಚಪ್ಪಲಿ ತರುವಂತಿಲ್ಲ ಎನ್ನುವ ಮನೆಗಳಲ್ಲಿ ಒಲೆಯ ಮುಂದೆ ಮತ್ತು ಸಿಂಕಿನ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಸಿದರೂ ಬಹಳಷ್ಟು ಉಪಯೋಗವಾಗುತ್ತದೆ. ದುಬಾರಿ ಇನ್‌ಸೋಲ್‌ಗೆ ಮೊದಲೇ ಹಣ ಸುರಿಯಬೇಡಿ, ಸಾಮಾನ್ಯ ಸಿಲಿಕೋನ್ ಹಿಮ್ಮಡಿ ಮೆತ್ತೆಯನ್ನು ಎರಡೂ ಕಾಲಿಗೆ ಹಾಕಿ ಕೆಲವು ವಾರ ನೋಡಿದರೆ ಸಾಕು.

ನಿಂತು ದುಡಿಯುವವರಿಗೆ ಕೆಲಸ ಬಿಡಿ ಎನ್ನುವುದು ಸಲಹೆಯೇ ಅಲ್ಲ. ಹೋಟೆಲಿನ ಭಟ್ಟರು, ಗಾರ್ಮೆಂಟ್ಸ್‌ನ ಇಸ್ತ್ರಿ ವಿಭಾಗದವರು, ಮಾರುಕಟ್ಟೆಯ ವ್ಯಾಪಾರಿಗಳು, ಶಿಕ್ಷಕರು ಮಾಡಬಹುದಾದದ್ದು ನಿಲ್ಲುವ ಭಂಗಿಯನ್ನು ಬದಲಾಯಿಸುತ್ತಿರುವುದು. ಒಂದು ಗೇಣಿಗಿಂತ ಕಡಿಮೆ ಎತ್ತರದ ಮಣೆಯನ್ನು ಕಾಲಬಳಿ ಇಟ್ಟುಕೊಂಡು ಒಮ್ಮೆ ಎಡಗಾಲನ್ನು, ಒಮ್ಮೆ ಬಲಗಾಲನ್ನು ಅದರ ಮೇಲಿಟ್ಟರೆ ಒಂದೇ ಸಮನೆ ಬೀಳುವ ಹೊರೆ ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ನಿಂತಲ್ಲೇ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಕಾಲಿನ ರಕ್ತವೂ ಮೇಲೇರುತ್ತದೆ. ಗದ್ದೆಯಲ್ಲಿ ನಾಟಿ ಹಾಕುವವರು ಕೆಸರಿನಿಂದ ಮೇಲೆ ಬಂದಾಗಲೆಲ್ಲ ಬದುವಿನ ಮೇಲೆ ಕುಳಿತು, ಬೆರಳು ಹಿಂದಕ್ಕೆಳೆಯುವ ಹಿಗ್ಗಿಸುವಿಕೆಯನ್ನು ಎರಡು ನಿಮಿಷ ಮಾಡಬಹುದು. ಬರಿಗಾಲಲ್ಲಿ ಬೆಟ್ಟ ಹತ್ತುವ ಹರಕೆಯಿದ್ದರೆ ಒಂದೆರಡು ತಿಂಗಳ ಮುಂಚೆಯೇ ಸಣ್ಣ ಸಣ್ಣ ಏರುಗಳಲ್ಲಿ ಅಭ್ಯಾಸ ಮಾಡಿ. ಇಳಿಯುವಾಗ ಪಾದಕ್ಕೂ ಮೊಣಕಾಲಿಗೂ ಹೆಚ್ಚಿನ ಏಟು ಬೀಳುವುದರಿಂದ ಹತ್ತಿ ದರ್ಶನ ಮಾಡಿ ಬಸ್ಸಿನಲ್ಲಿ ಇಳಿದು ಬಂದರೆ ಹರಕೆಗೇನೂ ಕುಂದಾಗದು ಎಂಬುದು ನನ್ನ ನಂಬಿಕೆ.

ಸಕ್ಕರೆ ಕಾಯಿಲೆ ಇರುವವರು, ಮತ್ತು ವೈದ್ಯರ ಬಳಿ ಹೋಗಬೇಕಾದಾಗ

ಸಕ್ಕರೆ ಕಾಯಿಲೆಯವರಿಗೆ ಈ ಬರಹದ ಮಂಜುಗಡ್ಡೆ, ಬಿಸಿ ಶಾಖ ಇವೆಲ್ಲ ವೈದ್ಯರನ್ನು ಕೇಳದೆ ಸಲ್ಲವು. ಅವರು ಪ್ರತಿ ರಾತ್ರಿ ಅಂಗಾಲನ್ನೂ ಬೆರಳ ಸಂದುಗಳನ್ನೂ ಬೆಳಕಿನಲ್ಲಿ ನೋಡಿಕೊಳ್ಳಬೇಕು, ಕಾಣದಿದ್ದರೆ ಕನ್ನಡಿ ಇಟ್ಟುಕೊಳ್ಳಬೇಕು ಅಥವಾ ಮನೆಯವರಿಂದ ನೋಡಿಸಬೇಕು. ಮನೆಯೊಳಗೂ ಹೊರಗೂ ಬರಿಗಾಲು ಬೇಡ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಗಾಯ, ಗುಳ್ಳೆ, ಬಣ್ಣ ಬದಲಾವಣೆ ಕಂಡರೆ ಅಂದೇ ಅಥವಾ ಮರುದಿನವೇ ತೋರಿಸಬೇಕು. ನೋವಿಲ್ಲದೆ ಒಂದು ಪಾದ ಮಾತ್ರ ಕೆಂಪಾಗಿ ಬಿಸಿಯಾಗಿ ಊದಿಕೊಂಡಿದ್ದರೆ ಅದು ಇನ್ನೂ ತುರ್ತಿನ ಸಂಗತಿ, ಏಕೆಂದರೆ ಒಳಗೆ ಮೂಳೆ ಕುಸಿಯುತ್ತಿರಬಹುದು.

ಉಳಿದವರೂ ಕಾಲೂರಲಾಗದಷ್ಟು ನೋವಿದ್ದರೆ, ‘ಟಪ್’ ಎಂದ ಶಬ್ದದೊಡನೆ ನೋವು ಶುರುವಾಗಿದ್ದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಜ್ವರ ಅಥವಾ ಮರಗಟ್ಟುವಿಕೆ ಜೊತೆಗಿದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ತಡಮಾಡದೆ ನೋಡಿಸಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿಯೂ ಮೂಳೆ ಮತ್ತು ಕೀಲು ವಿಭಾಗಗಳಿವೆ. ಹೋಗುವಾಗ ದಿನವೂ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ಅದರ ಸವೆತವೂ ವೈದ್ಯರಿಗೆ ಮಾಹಿತಿಯೇ. ಹಿಮ್ಮಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಸೂಚಿಸಿದರೆ, ಅದರ ಉಪಶಮನ ಸಾಮಾನ್ಯವಾಗಿ ಕೆಲವು ವಾರಗಳದ್ದು, ಪದೇಪದೇ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ ಮತ್ತು ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ ಎಂಬುದನ್ನು ತಿಳಿದೇ ಒಪ್ಪಿಕೊಳ್ಳಿ. ಇಂಜೆಕ್ಷನ್ನಿನಿಂದ ನೋವು ತಗ್ಗಿರುವ ಆ ವಾರಗಳಲ್ಲಿ ವ್ಯಾಯಾಮವನ್ನು ಯಾವಾಗ, ಎಷ್ಟರಿಂದ ಶುರುಮಾಡಬೇಕೆಂದು ಅಂದೇ ಕೇಳಿ ಬರೆಸಿಕೊಳ್ಳಿ.